ನಡತೆಯ ಪತ್ರವೂ ಬರೆದವನ ಹೊಣೆಯೂ



ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ನಮ್ಮಲ್ಲಿ ಬಹುಜನರಿಗೆ ಮೊದಲ ಉದ್ಯೋಗ ದೊರೆತದ್ದು ಯಾರೋ ಹಿರಿಯರು ಬರೆದುಕೊಟ್ಟ ಒಂದು ಕಾಗದದ ಬಲದಿಂದ. “ಈ ಪತ್ರವನ್ನು ತರುವ ಚಿರಂಜೀವಿಯನ್ನು ನಾನು ನಾಲ್ಕು ವರ್ಷಗಳಿಂದ ಬಲ್ಲೆ, ಇವನ ನಡತೆ ಉತ್ತಮವಾಗಿದೆ” ಎಂಬ ಎರಡು ಸಾಲುಗಳನ್ನು ಕೈಯಲ್ಲಿ ಹಿಡಿದು ಅಪರಿಚಿತ ಊರಿನ ಅಪರಿಚಿತ ಕಚೇರಿಯ ಮೆಟ್ಟಿಲು ಹತ್ತಿದವರು ನಾವು. ಇಂದು ತಮ್ಮಲ್ಲಿ ಅನೇಕರು ಶಾಲೆಗಳ ಮುಖ್ಯಸ್ಥರಾಗಿ, ಬ್ಯಾಂಕುಗಳ ವ್ಯವಸ್ಥಾಪಕರಾಗಿ, ಅಂಗಡಿ ಕಾರ್ಖಾನೆಗಳ ಒಡೆಯರಾಗಿ ಅಂಥ ಕಾಗದವನ್ನು ಬರೆದುಕೊಡುವ ಸ್ಥಾನದಲ್ಲಿದ್ದೀರಿ. ಆದುದರಿಂದ ಈ ವಿಷಯವನ್ನು ತಮ್ಮ ಮುಂದೆಯೇ ಇಡಬೇಕೆನ್ನಿಸಿತು.

ಕೆಲಸ ಬಿಟ್ಟು ಹೋಗುವ ನೌಕರನ ಕುರಿತು ಹೊಸ ಧಣಿಯು ವಿಚಾರಿಸಿದಾಗ ಹಳೆಯ ಧಣಿಯು ಏನು ಹೇಳಬೇಕು? ಎಷ್ಟು ಹೇಳಬೇಕು? ಹೇಳಿದ ಮಾತಿಗಾಗಿ ಅವನ ಮೇಲೆ ದಾವೆ ಬಂದರೆ ಕಾನೂನು ಅವನನ್ನು ಕಾಯಬೇಕೆ? ಕಾಯುವುದಾದರೆ ಯಾವ ಷರತ್ತಿನ ಮೇಲೆ? ಮೇಲ್ನೋಟಕ್ಕೆ ಇದು ವಕೀಲರಿಗೆ ಬಿಡಬೇಕಾದ ಪ್ರಶ್ನೆ. ನಾನು ವಕೀಲನಲ್ಲ. ಆದರೂ ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ. ಅದರ ಕಾರಣವನ್ನು ಮೊದಲು ನಿವೇದಿಸುತ್ತೇನೆ.

೧೯೮೪ರ ಮಾತು. ಆಗ ನಾನು ಒಂದು ಸಣ್ಣ ಸಹಕಾರಿ ಸಂಘದ ಕಾರ್ಯದರ್ಶಿಯಾಗಿದ್ದೆ. ನಮ್ಮಲ್ಲಿ ನಗದು ನೋಡಿಕೊಳ್ಳುತ್ತಿದ್ದ ಗುಮಾಸ್ತನೊಬ್ಬನ ಲೆಕ್ಕದಲ್ಲಿ ಆರುನೂರು ಚಿಲ್ಲರೆ ರೂಪಾಯಿ ಕೊರತೆ ಕಂಡಿತು. ಕೇಳಿದಾಗ ಅವನು ಅಳುತ್ತಾ ಒಪ್ಪಿಕೊಂಡ. ಅವನ ತಂದೆ ಊರಿನಿಂದ ಬಂದು ಹಣ ಕಟ್ಟಿದರು. ಆಡಳಿತ ಮಂಡಳಿಯವರು ಪೊಲೀಸ್ ಠಾಣೆಗೆ ಹೋಗುವುದು ಬೇಡ, ರಾಜೀನಾಮೆ ಪಡೆದು ಕಳುಹಿಸಿಬಿಡಿ ಎಂದರು. ಅಷ್ಟು ಸರಿಯೇ. ಆದರೆ ಹೊರಡುವ ದಿನ ಆ ವೃದ್ಧರು ನನ್ನ ಮೇಜಿನ ಮುಂದೆ ನಿಂತು, “ಯಜಮಾನರೆ, ಹುಡುಗನ ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ, ಒಂದು ಒಳ್ಳೆ ಕಾಗದ ಬರದುಕೊಡ್ರಿ” ಎಂದು ಕೈಮುಗಿದರು. ನಾನು ಬರೆದುಕೊಟ್ಟೆ. ಕರುಣೆಯ ಭರದಲ್ಲಿ ಕೈ ಸ್ವಲ್ಪ ಉದಾರವಾಗಿಯೇ ಓಡಿತು: ‘ಪ್ರಾಮಾಣಿಕ, ಕಷ್ಟಸಹಿಷ್ಣು, ನಗದು ವ್ಯವಹಾರದಲ್ಲಿ ವಿಶ್ವಾಸಾರ್ಹ.’

ನಾಲ್ಕು ವರ್ಷಗಳ ನಂತರ ಮತ್ತೊಂದು ಊರಿನ ಸಂಸ್ಥೆಯ ಕಾರ್ಯದರ್ಶಿಗಳು ನನ್ನನ್ನು ಕಾಣಲು ಬಂದರು. ಕುಶಲ ಪ್ರಶ್ನೆಯಾದ ಮೇಲೆ ಜೇಬಿನಿಂದ ನನ್ನದೇ ಹಸ್ತಾಕ್ಷರದ ಆ ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟರು. ಅವರಲ್ಲಿ ದೊಡ್ಡ ಮೊತ್ತವೇ ಹೋಗಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನನ್ನ ಕಾಗದವನ್ನು ನಂಬಿದ್ದರಿಂದ ಅವರ ಸಂಶಯ ಈತನ ಕಡೆಗೆ ಹೊರಳಲೇ ಇಲ್ಲ. ತಿಜೋರಿಯ ಕೀಲಿ ತಂದುಕೊಡುತ್ತಿದ್ದ ಜವಾನನ ಮೇಲೆ ಬಿತ್ತು. ಆ ಬಡವ ಏಳು ತಿಂಗಳು ಅಮಾನತಿನಲ್ಲಿದ್ದ. ಊರಿನಲ್ಲಿ ಅವನ ಹೆಂಡತಿಗೆ ಅಂಗಡಿಯವರು ಉದ್ದರಿ ಕೊಡುವುದನ್ನು ನಿಲ್ಲಿಸಿದ್ದರಂತೆ. ಬಂದವರು ನನ್ನನ್ನು ಬೈಯಲಿಲ್ಲ. “ತಮಗೆ ಗೊತ್ತಿರಲಿಲ್ಲವೆ?” ಎಂದು ಒಂದೇ ಮಾತು ಕೇಳಿದರು. ಗೊತ್ತಿತ್ತು.

ನಾನು ಯಾವ ಕಟಕಟೆಯನ್ನೂ ಹತ್ತಬೇಕಾಗಲಿಲ್ಲ. ಹೊಗಳಿದ್ದಕ್ಕಾಗಿ ನನ್ನ ಮೇಲೆ ಯಾರೂ ದಾವೆ ಹೂಡಲಿಲ್ಲ. ನಿಜ ಬರೆದಿದ್ದರೆ ಒಂದು ವೇಳೆ ಮಾನಹಾನಿಯ ನೋಟೀಸು ಬರುತ್ತಿತ್ತೋ ಏನೋ. ಕಾನೂನಿನ ಭಯವು ಮನುಷ್ಯನನ್ನು ಯಾವ ಕಡೆಗೆ ದೂಡುತ್ತದೆ ಎಂಬ ವಿಚಾರ ನನ್ನಲ್ಲಿ ಮೊಳೆತದ್ದು ಆ ದಿನ.

ಈ ತೊಡಕು ಹೊಸದೇನಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮನೆಯಾಳುಗಳಿಗೆ ಹಿಂದಿನ ಒಡೆಯನ ನಡತೆಯ ಪತ್ರವಿಲ್ಲದೆ ಹೊಸ ಮನೆ ಸಿಕ್ಕುವುದು ದುಸ್ತರವಾಗಿತ್ತು. ಪತ್ರದಲ್ಲಿ ನಿಂದೆಯಿದ್ದರೆ ಆಳು ನ್ಯಾಯಾಲಯಕ್ಕೆ ಹೋಗಬಹುದೆ? ೧೭೮೬ರಲ್ಲಿ ವೆದರ್‌ಸ್ಟನ್ ಮತ್ತು ಹಾಕಿನ್ಸ್ ಎಂಬುವರ ನಡುವಿನ ಮೊಕದ್ದಮೆಯಲ್ಲಿ ಅಲ್ಲಿನ ನ್ಯಾಯಾಲಯವು, ಒಡೆಯನಲ್ಲಿ ದ್ವೇಷಬುದ್ಧಿಯಿತ್ತೆಂದು ತೋರಿಸದ ಹೊರತು ಆಳಿನ ದಾವೆ ನಿಲ್ಲದೆಂದು ಹೇಳಿತು. ಕೇಳಿದವರಿಗೆ ತಿಳಿಸುವ ಕರ್ತವ್ಯವುಳ್ಳವನು ತಿಳಿಯುವ ಅಗತ್ಯವುಳ್ಳವನಿಗೆ ಸದ್ಭಾವನೆಯಿಂದ ಆಡಿದ ಮಾತಿಗೆ ರಕ್ಷಣೆಯುಂಟು ಎಂಬ ತತ್ತ್ವ ಹೀಗೆ ಬೇರೂರಿತು. ಇದಾದ ಆರೇ ವರ್ಷಕ್ಕೆ, ೧೭೯೨ರಲ್ಲಿ, ಅಲ್ಲಿನ ಪಾರ್ಲಿಮೆಂಟು ಇನ್ನೊಂದು ಕಾಯಿದೆಯನ್ನು ಮಾಡಿತು: ಆಳುಗಳಿಗೆ ಸುಳ್ಳು ನಡತೆಯ ಪತ್ರ ಬರೆದುಕೊಡುವವನಿಗೆ ಇಪ್ಪತ್ತು ಪೌಂಡ್ ದಂಡ. ಅಂದಿನ ಇಪ್ಪತ್ತು ಪೌಂಡೆಂದರೆ ಹಗುರದ ಮೊತ್ತವಲ್ಲ. ನಿಜ ಹೇಳಿದವನಿಗೆ ಆಶ್ರಯ, ಸುಳ್ಳು ಹೊಗಳಿದವನಿಗೆ ಶಿಕ್ಷೆ, ಎರಡನ್ನೂ ಆ ಕಾಲದವರು ಜೊತೆಯಾಗಿಯೇ ಕಂಡಿದ್ದರು. ಆ ಕಾಯಿದೆ ಈಗ ಉಳಿದಿಲ್ಲ.

ನಮ್ಮ ನಾಡಿನಲ್ಲೂ ಆಂಗ್ಲ ಅಧಿಕಾರಿಗಳ ಬಂಗಲೆಗಳಲ್ಲಿ ದುಡಿದ ಬಟ್ಲರುಗಳು, ಅಡಿಗೆಯವರು, ಆಯಾಗಳು ಇಂಥ ‘ಚಿಟ್’ಗಳ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಆ ಇಂಗ್ಲಿಷ್ ಪದವೇ ಈ ದೇಶದ ಚಿಟ್ಠಿಯಿಂದ ಹುಟ್ಟಿದ್ದು. ಹೊತ್ತವನಿಗೆ ಇಂಗ್ಲಿಷ್ ಓದಲು ಬಾರದು. ದೊರೆ ಅದರಲ್ಲಿ ‘ಇವನನ್ನು ನಂಬಬೇಡಿ’ ಎಂದು ಬರೆದಿದ್ದರೂ ಇವನು ಅದನ್ನು ಹೆಮ್ಮೆಯಿಂದ ಮುಂದಿನ ದೊರೆಗೆ ಒಪ್ಪಿಸುತ್ತಿದ್ದ ಎಂದು ಅಂದಿನವರು ನಗುನಗುತ್ತಾ ಹೇಳಿಕೊಳ್ಳುತ್ತಿದ್ದರು. ನನಗೆ ಆ ಕಥೆಯನ್ನು ಕೇಳಿ ಎಂದೂ ನಗು ಬಂದಿಲ್ಲ. ತನ್ನ ಬದುಕಿನ ತೀರ್ಪನ್ನು ತಾನೇ ಹೊತ್ತು, ಅದರಲ್ಲೇನಿದೆಯೆಂದು ಅರಿಯದೆ ಮನೆಯಿಂದ ಮನೆಗೆ ಅಲೆಯುವ ಆ ಮನುಷ್ಯನನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಅವನ ಮಾತು ಬರುತ್ತದೆ.

ಭಾರತದಲ್ಲಿ ಉದ್ಯೋಗದ ಅಭಿಪ್ರಾಯಪತ್ರಕ್ಕೆಂದೇ ಪ್ರತ್ಯೇಕ ಕಾಯಿದೆಯಿಲ್ಲ. ೧೮೬೦ರ ಭಾರತೀಯ ದಂಡ ಸಂಹಿತೆಯ ೪೯೯ನೆಯ ಕಲಮು ಮಾನಹಾನಿಯನ್ನು ವಿವರಿಸಿ, ಅದಕ್ಕೆ ಹತ್ತು ವಿನಾಯಿತಿಗಳನ್ನು ಜೋಡಿಸಿತ್ತು. ೨೦೨೪ರ ಜುಲೈ ೧ರಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ ೩೫೬ನೆಯ ಕಲಮಿನಲ್ಲಿ ಆ ವಿನಾಯಿತಿಗಳು ಹಾಗೆಯೇ ಮುಂದುವರಿದಿವೆ. ನಮಗೆ ಸಂಬಂಧಿಸಿದವು ಮುಖ್ಯವಾಗಿ ಒಂಬತ್ತನೆಯದು ಮತ್ತು ಹತ್ತನೆಯದು. ತನ್ನ ಅಥವಾ ಇನ್ನೊಬ್ಬರ ಹಿತರಕ್ಷಣೆಗಾಗಿ ಸದ್ಭಾವನೆಯಿಂದ ಆಡಿದ ಮಾತು, ಕೇಳುವವನ ಒಳಿತಿಗಾಗಿ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆ, ಇವು ಮಾನಹಾನಿಯಲ್ಲ. ಅಂಗಡಿಯ ಒಡೆಯನೊಬ್ಬ ತನ್ನ ವ್ಯಾಪಾರ ನೋಡಿಕೊಳ್ಳುವವನಿಗೆ, ‘ಇಂಥವನಿಗೆ ಕೈಮೇಲೆ ಹಣ ಕೊಡದ ಹೊರತು ಸರಕು ಕೊಡಬೇಡ, ಅವನ ಪ್ರಾಮಾಣಿಕತೆಯಲ್ಲಿ ನನಗೆ ನಂಬಿಕೆಯಿಲ್ಲ’ ಎಂದು ಹೇಳುವ ದೃಷ್ಟಾಂತವನ್ನೇ ಕಾಯಿದೆ ಕೊಟ್ಟಿದೆ. ಹಳೆಯ ಧಣಿ ಹೊಸ ಧಣಿಗೆ ಹೇಳುವ ಮಾತು ಇದಕ್ಕೆ ದೂರದ್ದಲ್ಲ. ಆದರೆ ವಿನಾಯಿತಿ ತನಗೆ ಸಲ್ಲುತ್ತದೆಂದು ಸಿದ್ಧಪಡಿಸುವ ಭಾರ ಹೇಳಿದವನ ಮೇಲೆಯೇ ಇರುತ್ತದೆ.

ಇಲ್ಲೆಲ್ಲ ಒಂದು ಪದ ಮರಳಿ ಮರಳಿ ಬರುತ್ತದೆ: ಸದ್ಭಾವನೆ. ಈ ಪದದ ಅರ್ಥವನ್ನು ಹುಡುಕಹೊರಟಾಗ ನನಗೆ ಸೋಜಿಗವೊಂದು ಕಾದಿತ್ತು. ೧೮೯೭ರ ಸಾಮಾನ್ಯ ಖಂಡಗಳ ಅಧಿನಿಯಮದ ಪ್ರಕಾರ, ಪ್ರಾಮಾಣಿಕವಾಗಿ ಮಾಡಿದ್ದೆಲ್ಲವೂ ಸದ್ಭಾವನೆಯಿಂದ ಮಾಡಿದ್ದೇ. ಮಾಡುವಾಗ ಅಲಕ್ಷ್ಯವಿದ್ದರೂ ಚಿಂತೆಯಿಲ್ಲ. ದಂಡ ಸಂಹಿತೆಯ ೫೨ನೆಯ ಕಲಮು ಹಾಗೆ ಹೇಳಲಿಲ್ಲ. ತಕ್ಕ ಎಚ್ಚರ ಮತ್ತು ಗಮನವಿಲ್ಲದೆ ಮಾಡಿದ ಅಥವಾ ನಂಬಿದ ಯಾವುದನ್ನೂ ಸದ್ಭಾವನೆಯದೆಂದು ಕರೆಯಲಾಗದು ಎಂದಿತು. ಹೊಸ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ. ಒಂದೇ ದೇಶ, ಒಂದೇ ಪದ, ಎರಡು ಅರ್ಥ. ಮನಸ್ಸು ಶುದ್ಧವಿದ್ದರೆ ಸಾಕೆಂಬುದು ಒಂದು; ಶುದ್ಧ ಮನಸ್ಸಿನವನೂ ಕಣ್ಣು ತೆರೆದು ನೋಡಿರಬೇಕೆಂಬುದು ಇನ್ನೊಂದು. ನೀತಿಯ ದೃಷ್ಟಿಯಿಂದ ಇವುಗಳ ನಡುವಣ ಅಂತರ ಬಹಳ ದೊಡ್ಡದು. ನನ್ನ ಅಭಿಪ್ರಾಯದಲ್ಲಿ, ಮತ್ತೊಬ್ಬನ ಅನ್ನಕ್ಕೆ ಸಂಬಂಧಿಸಿದ ಮಾತಿನಲ್ಲಿ ಎರಡನೆಯ ಅರ್ಥವೊಂದೇ ಮಾನ್ಯವಾಗಬೇಕು.

ಇದು ಬರಿಯ ಶಬ್ದಜಿಜ್ಞಾಸೆಯಲ್ಲವೆಂಬುದಕ್ಕೆ ಇಂಗ್ಲೆಂಡಿನ ಮತ್ತೊಂದು ಪ್ರಸಂಗವೇ ಸಾಕ್ಷಿ. ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ೧೯೯೪ರಲ್ಲಿ ತೀರ್ಮಾನಿಸಿದ ‘ಸ್ಪ್ರಿಂಗ್ ವಿರುದ್ಧ ಗಾರ್ಡಿಯನ್ ಅಶ್ಯೂರೆನ್ಸ್’ ಮೊಕದ್ದಮೆಯದು. ವಿಮಾ ಪಾಲಿಸಿಗಳನ್ನು ಮಾರುತ್ತಿದ್ದ ಒಬ್ಬಾತ ಕೆಲಸ ಕಳೆದುಕೊಂಡು ಮತ್ತೊಂದು ಕಂಪನಿಗೆ ಅರ್ಜಿ ಹಾಕಿದ. ಆ ವೃತ್ತಿಯ ನಿಯಮದಂತೆ ಹೊಸ ಕಂಪನಿ ಹಳೆಯ ಕಂಪನಿಯ ಅಭಿಪ್ರಾಯವನ್ನು ಕೇಳಲೇಬೇಕಿತ್ತು. ಬಂದ ಪತ್ರದಲ್ಲಿ ಆತನ ಪ್ರಾಮಾಣಿಕತೆಯನ್ನೇ ಅಲ್ಲಗಳೆಯಲಾಗಿತ್ತು. ಅಲ್ಲಿಗೆ ಆ ವೃತ್ತಿಯಲ್ಲಿ ಆತನ ಬಾಗಿಲು ಮುಚ್ಚಿದಂತಾಯಿತು. ವಿಚಾರಣೆ ನಡೆಸಿದ ನ್ಯಾಯಾಧೀಶರಿಗೆ ಕಂಡದ್ದು ಬೇರೆ: ಆತ ಕೆಲಸದಲ್ಲಿ ಅಸಮರ್ಥನಾಗಿದ್ದಿರಬಹುದು, ಆದರೆ ಮೋಸಗಾರನಾಗಿರಲಿಲ್ಲ. ಪತ್ರ ಬರೆದವರಲ್ಲಿ ದ್ವೇಷವೂ ಇರಲಿಲ್ಲ. ತಾವು ಬರೆದದ್ದನ್ನು ಅವರು ನಂಬಿದ್ದರು. ಸರಿಯಾಗಿ ವಿಚಾರಿಸಿರಲಿಲ್ಲ, ಅಷ್ಟೇ.

ದ್ವೇಷವಿಲ್ಲದ್ದರಿಂದ ಹಳೆಯ ತತ್ತ್ವದ ಪ್ರಕಾರ ಮಾನಹಾನಿಗೆ ಪರಿಹಾರವಿಲ್ಲ. ಹಾಗಾದರೆ ಆ ಮನುಷ್ಯ ಹೋಗುವುದೆಲ್ಲಿಗೆ? ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಅಭಿಪ್ರಾಯಪತ್ರ ಬರೆಯುವ ಧಣಿಗೆ ತನ್ನ ಮಾಜಿ ನೌಕರನ ವಿಷಯದಲ್ಲಿ ಎಚ್ಚರ ವಹಿಸುವ ಕರ್ತವ್ಯವಿದೆ, ಅದನ್ನು ಮೀರಿದರೆ ನಷ್ಟ ತುಂಬಿಕೊಡಬೇಕು ಎಂದರು. ಲಾರ್ಡ್ ಕೀತ್ ಒಬ್ಬರೇ ಒಪ್ಪಲಿಲ್ಲ. ಹೀಗೆ ಹೊಣೆ ಹೊರಿಸಿದರೆ ಯಾವ ಧಣಿಯೂ ಮುಂದೆ ಬಾಯಿ ಬಿಡಲಾರನೆಂಬುದು ಈ ಪಕ್ಷದ ವಾದದ ತಿರುಳು. ಹಲವು ಸಲ ಓದಿದ ಮೇಲೂ ಆ ಒಬ್ಬರ ಮಾತನ್ನು ಹಗುರವಾಗಿ ತಳ್ಳಿಹಾಕಲು ನನಗೆ ಸಾಧ್ಯವಾಗಿಲ್ಲ. ಏಕೆಂದರೆ ಬಾಯಿ ಮುಚ್ಚಿಕೊಂಡ ಧಣಿಗಳಿಂದ ಆದ ಅನಾಹುತಕ್ಕೂ ಸಾಕ್ಷಿಯುಂಟು.

ಅಮೆರಿಕೆಯಲ್ಲಿ ಮೊಕದ್ದಮೆಗಳಿಗೆ ಹೆದರಿದ ಸಂಸ್ಥೆಗಳು, ಯಾರು ಕೇಳಿದರೂ ನೌಕರನ ಹೆಸರು, ಹುದ್ದೆ, ಸೇರಿದ ಮತ್ತು ಬಿಟ್ಟ ದಿನಾಂಕ ಇಷ್ಟನ್ನೇ ತಿಳಿಸುವ ಪದ್ಧತಿಗೆ ಬಂದವು. ಇದನ್ನು ತಪ್ಪಿಸಲು ೧೯೯೦ರ ದಶಕದಲ್ಲಿ ಅಲ್ಲಿನ ಅನೇಕ ರಾಜ್ಯಗಳು, ಸದ್ಭಾವನೆಯಿಂದ ಮಾಹಿತಿ ಕೊಟ್ಟ ಧಣಿಯ ಮೇಲೆ ದಾವೆ ನಿಲ್ಲದಂತೆ ಕಾಯಿದೆಗಳನ್ನು ಮಾಡಿದವು. ಕಾಯಿದೆ ಬಂದ ಮೇಲೂ ಬಹಳ ಸಂಸ್ಥೆಗಳು ದಿನಾಂಕದ ಆಚೆಗೆ ಒಂದಕ್ಷರ ಹೇಳಲಿಲ್ಲ. ದಾವೆಯಲ್ಲಿ ಗೆಲ್ಲುವುದಕ್ಕಿಂತ ದಾವೆಯೇ ಬಾರದಿರುವುದು ಅವರಿಗೆ ಬೇಕಾಗಿತ್ತು.

ಆ ಮೌನದ ಬೆಲೆಯೇನು? ಚಾರ್ಲ್ಸ್ ಕಲ್ಲೆನ್ ಎಂಬ ಪುರುಷ ದಾದಿಯೊಬ್ಬ ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾ ರಾಜ್ಯಗಳ ಆಸ್ಪತ್ರೆಗಳಲ್ಲಿ ಸುಮಾರು ಹದಿನಾರು ವರ್ಷ ಕೆಲಸ ಮಾಡಿದ. ಒಂದೆರಡು ಕಡೆ ಅವನ ಮೇಲೆ ಗುಮಾನಿ ಹುಟ್ಟಿತ್ತು. ಆದರೂ ಅವನು ಒಂದನ್ನು ಬಿಟ್ಟು ಇನ್ನೊಂದಕ್ಕೆ ಸೇರುತ್ತಲೇ ಹೋದ. ಮುಂದಿನವರಿಗೆ ಹಿಂದಿನವರಿಂದ ಎಚ್ಚರಿಕೆಯ ಮಾತು ತಲುಪಲಿಲ್ಲ. ೨೦೦೩ರ ಡಿಸೆಂಬರಿನಲ್ಲಿ ಬಂಧಿತನಾದ ಅವನು ಕಡೆಗೆ ಇಪ್ಪತ್ತೊಂಬತ್ತು ಮಂದಿ ರೋಗಿಗಳನ್ನು ಔಷಧ ಚುಚ್ಚಿ ಕೊಂದದ್ದನ್ನು ಒಪ್ಪಿಕೊಂಡ. ೨೦೦೫ರಲ್ಲಿ ನ್ಯೂಜೆರ್ಸಿ ರಾಜ್ಯವು, ಒಂದು ಆಸ್ಪತ್ರೆ ಕೇಳಿದರೆ ಇನ್ನೊಂದು ಆಸ್ಪತ್ರೆ ರೋಗಿಗಳ ಆರೈಕೆಗೆ ಸಂಬಂಧಿಸಿದಂತೆ ನೌಕರನ ಕುರಿತು ನಿಜವನ್ನು ಹೇಳಲೇಬೇಕು, ಸದ್ಭಾವನೆಯಿಂದ ಹೇಳಿದವರಿಗೆ ರಕ್ಷಣೆಯುಂಟು ಎಂದು ಶಾಸನ ಮಾಡಿತು. ರಕ್ಷಣೆಯೊಂದೇ ಸಾಲದು, ಕರ್ತವ್ಯವನ್ನೂ ಅದರೊಡನೆ ಕಟ್ಟಬೇಕೆಂದು ಅವರು ಕಲಿತದ್ದು ಅಷ್ಟು ಹೆಣಗಳನ್ನು ಹೂತ ಮೇಲೆ.

ಹೊಗಳಿ ಕಳುಹಿಸಿದವರ ಕಥೆಯೂ ಇದೆ. ಕ್ಯಾಲಿಫೋರ್ನಿಯಾದಲ್ಲಿ, ವಿದ್ಯಾರ್ಥಿನಿಯರೊಡನೆ ಅನುಚಿತವಾಗಿ ವರ್ತಿಸಿದನೆಂಬ ದೂರುಗಳಿದ್ದ ಶಾಲಾಧಿಕಾರಿಯೊಬ್ಬನಿಗೆ ಅವನ ಹಿಂದಿನ ಶಾಲಾಡಳಿತಗಳವರು ಆ ವಿಷಯವನ್ನು ನುಂಗಿಕೊಂಡು ಪ್ರಶಂಸೆಯ ಪತ್ರಗಳನ್ನು ಕೊಟ್ಟಿದ್ದರು. ಹೊಸ ಶಾಲೆಯಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ಅವನಿಂದ ಪೀಡಿತಳಾದೆನೆಂದು ದಾವೆ ಹೂಡಿದಳು. ೧೯೯೭ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು, ಮೂರನೆಯವರ ದೇಹಕ್ಕೆ ಅಪಾಯವಾಗುವುದು ಮುಂಗಾಣಬಹುದಾಗಿದ್ದಾಗ ಪತ್ರ ಬರೆಯುವವನು ಅರ್ಧ ಸತ್ಯವನ್ನು ಪೂರ್ಣ ಸತ್ಯವೆಂಬಂತೆ ಬರೆಯಕೂಡದು, ಬರೆದರೆ ಆ ಮೂರನೆಯವರಿಗೂ ಅವನು ಉತ್ತರವಾದಿ ಎಂದಿತು. ಈ ತೀರ್ಪನ್ನು ಮೊದಲ ಬಾರಿ ಓದಿದಾಗ ನನ್ನ ಕಣ್ಣಮುಂದೆ ಬಂದವನು ಆ ಜವಾನ.

ಧಣಿಯು ನಿಜವನ್ನೂ ಹೇಳಬೇಕು, ಹಿತವನ್ನೂ ಬಯಸಬೇಕು ಎಂದು ಜರ್ಮನಿಯವರು ನಿಯಮ ಮಾಡಿದ್ದಾರೆ. ಅಲ್ಲಿ ೧೯೦೦ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯ ಕಾಲದಿಂದಲೂ ಬರೆಹದ ಸೇವಾಪತ್ರ ನೌಕರನ ಹಕ್ಕು. ಪತ್ರ ಸತ್ಯವಾಗಿರಬೇಕು, ಆದರೆ ಅವನ ಮುಂದಿನ ದಾರಿಗೆ ಅನಗತ್ಯವಾಗಿ ಮುಳ್ಳಾಗಬಾರದು ಎಂಬುದು ನ್ಯಾಯಾಲಯಗಳ ಅಭಿಮತ. ಕೇಳಲು ಎಷ್ಟು ಸೊಗಸು! ಫಲವೇನಾಯಿತು ಬಲ್ಲಿರಾ? ಗೂಢ ಭಾಷೆಯೊಂದು ಹುಟ್ಟಿತು. ‘ಸದಾ ನಮ್ಮ ಸಂಪೂರ್ಣ ತೃಪ್ತಿಗೆ ಪಾತ್ರನಾಗಿ ದುಡಿದ’ ಎಂದರೆ ಉತ್ತಮ ಕೆಲಸಗಾರ. ‘ನಮಗೆ ತೃಪ್ತಿಯಾಗುವಂತೆ ದುಡಿದ’ ಎಂದಷ್ಟೇ ಇದ್ದರೆ ಹೇಗೋ ನಡೆಯುತ್ತದೆಂದು ಅರ್ಥ. ‘ಪ್ರಯತ್ನಪಟ್ಟ’ ಎಂದರೆ ಕೈಲಾಗದವನು. ‘ಬಹಳ ಸ್ನೇಹಪರ’ ಎಂದರೆ ಕುಡುಕನಿರಬೇಕು! ಇಂಥ ಒಳಸಂಕೇತಗಳನ್ನು ಕಾನೂನೇ ನಿಷೇಧಿಸಿದ್ದರೂ ಆ ಭಾಷೆ ಅಳಿದಿಲ್ಲ. ಓದಲು ಬಾರದ ಬಟ್ಲರನ ಕೈಯ ಚಿಟ್ಟು ಇಲ್ಲಿ ಓದಬಲ್ಲವನ ಕೈಗೇ ಬಂದಿದೆ.

ಇಷ್ಟನ್ನು ನೋಡಿದ ಮೇಲೆ ನನಗೆ ತೋರುವುದನ್ನು ಹೇಳುತ್ತೇನೆ. ಪತ್ರ ಬರೆಯುವ ಧಣಿಗೆ ಕಾನೂನಿನ ರಕ್ಷಣೆ ಬೇಕೇ ಬೇಕು. ಅದಿಲ್ಲದಿದ್ದರೆ ಸತ್ಯವಂತನು ಮೌನಿಯಾಗುತ್ತಾನೆ, ಕಳ್ಳನಿಗೆ ಊರೂರು ಬಾಗಿಲು ತೆರೆಯುತ್ತದೆ. ಆದರೆ ರಕ್ಷಣೆಯನ್ನು ಕೇಳುವವನು ಎರಡು ಮಾತಿಗೆ ಕಟ್ಟುಬೀಳಬೇಕು. ಬರೆಯುವ ಮುನ್ನ ವಿಚಾರಿಸಿರಬೇಕು. ಕಡತವನ್ನು ತೆರೆದು ನೋಡಿರಬೇಕು. ಕೇಳಿದ್ದು ಯಾವುದು, ಕಂಡದ್ದು ಯಾವುದು ಎಂದು ಬೇರೆ ಮಾಡಿರಬೇಕು. ಮತ್ತು ಯಾರ ಕುರಿತು ಬರೆಯುತ್ತಾನೋ ಅವನಿಗೆ ಅದು ಕಾಣುವಂತಿರಬೇಕು. ಬೆನ್ನ ಹಿಂದೆ ಆಡಿದ ಮಾತಿಗೂ ಎದುರಿನಲ್ಲಿ ಆಡಿದ ಮಾತಿಗೂ ಒಂದೇ ಆಶ್ರಯ ಕೊಡುವುದು ನನಗೆ ನ್ಯಾಯವೆನಿಸದು. ‘ಎದುರಿನಲ್ಲಿ ಹೇಳಬೇಕಾದರೆ ಯಾರೂ ದೋಷವನ್ನು ಬರೆಯುವುದಿಲ್ಲವಲ್ಲ’ ಎಂದು ತಾವು ಕೇಳಬಹುದು. ಕೇಳುವುದು ಸಹಜ, ಬಹಳಷ್ಟು ಸಂದರ್ಭಗಳಲ್ಲಿ ಅದು ನಿಜವೂ ಹೌದು. ಕಲ್ಲೆನ್‌ನಂಥವನ ಎದುರು ಕುಳಿತು ಪತ್ರವನ್ನು ಓದಿರೆಂದು ನಾನು ಯಾರಿಗೂ ಹೇಳಲಾರೆ. ಅಂಥಲ್ಲಿ ಪತ್ರಕ್ಕಿಂತ ಮೊದಲು ಪೊಲೀಸರಿಗೆ ತಿಳಿಸಬೇಕು. ನಾನು ಹೇಳುತ್ತಿರುವುದು ನಮ್ಮ ನಿಮ್ಮ ಕಚೇರಿಗಳ ಸಾಧಾರಣ ಮನುಷ್ಯರ, ಸಾಧಾರಣ ದೋಷಗಳ ಮಾತು.

ನನ್ನ ಎರಡನೆಯ ತಪ್ಪನ್ನೂ ಒಪ್ಪಿಸಿಬಿಡುತ್ತೇನೆ. ಆ ಗುಮಾಸ್ತನ ಪ್ರಕರಣದ ನಂತರ ನಾನು ಯಾರಿಗೂ ಹೊಗಳಿಕೆಯ ಪತ್ರ ಬರೆಯಕೂಡದೆಂದು ಶಪಥ ಮಾಡಿದೆ. ಯಾರು ಕೇಳಿದರೂ ‘ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಹುದ್ದೆಯಲ್ಲಿದ್ದರು’ ಎಂದು ಒಂದು ಸಾಲು. ಇದನ್ನೇ ದೊಡ್ಡ ವ್ರತವೆಂದು ಬಗೆದಿದ್ದೆ. ನಮ್ಮಲ್ಲಿ ಆರು ವರ್ಷ ಒಂದು ತಪ್ಪೂ ಇಲ್ಲದೆ ದುಡಿದ ಬೆರಳಚ್ಚುಗಾರ್ತಿಯೊಬ್ಬರು ಗಂಡನ ಊರಿಗೆ ವರ್ಗವಾದಾಗ ಅವರಿಗೂ ಆ ಒಂದೇ ಸಾಲನ್ನು ಕೊಟ್ಟೆ. ಸಂದರ್ಶನದಲ್ಲಿ, “ಆರು ವರ್ಷ ದುಡಿದೂ ನಿಮ್ಮ ಕಾರ್ಯದರ್ಶಿ ಒಂದು ಒಳ್ಳೆಯ ಮಾತು ಬರೆದಿಲ್ಲವೆಂದರೆ ಏನೋ ಇರಬೇಕು” ಎಂದರಂತೆ. ಆ ತಾಯಿ ನನಗೆ ಇದನ್ನು ಪತ್ರದಲ್ಲಿ ಬರೆದು ತಿಳಿಸಿದರು. ದೂರಿನ ಒಂದು ಪದವೂ ಇರಲಿಲ್ಲ. ನನ್ನ ಒಂದು ಸಾಲಿನಲ್ಲಿ ಸುಳ್ಳಿರಲಿಲ್ಲ, ಯಾವ ನ್ಯಾಯಾಲಯವೂ ಅದನ್ನು ಆಕ್ಷೇಪಿಸುತ್ತಿರಲಿಲ್ಲ. ನಾನು ನನ್ನನ್ನು ಕಾಪಾಡಿಕೊಂಡಿದ್ದೆ, ಅಷ್ಟೇ. ಮರುದಿನವೇ ಎರಡು ಪುಟದ ಪತ್ರ ಬರೆದು ಕಳುಹಿಸಿದೆ. ಅದು ತಲುಪುವ ಹೊತ್ತಿಗೆ ಆ ಜಾಗ ತುಂಬಿತ್ತು.

ನಿವೃತ್ತಿಯ ನಂತರ ಕೆಲವು ವರ್ಷ ಒಂದು ವಿದ್ಯಾಸಂಸ್ಥೆಯ ಕೆಲಸವನ್ನು ಗೌರವಾರ್ಥವಾಗಿ ನೋಡಿಕೊಂಡೆ. ಅಲ್ಲಿನ ಗ್ರಂಥಾಲಯದ ಸಹಾಯಕನಾಗಿದ್ದ ತರುಣನೊಬ್ಬ ಬೇರೆಡೆ ಅರ್ಜಿ ಹಾಕಿ ಪತ್ರ ಕೇಳಿದ. ಚುರುಕಿನವನು, ಕೈ ಶುದ್ಧ. ಆದರೆ ಕೊನೆಯ ವರ್ಷದಲ್ಲಿ ಮೇಲಿಂದ ಮೇಲೆ ತಡವಾಗಿ ಬರುತ್ತಿದ್ದ. ಹಾಜರಿ ಪುಸ್ತಕವನ್ನು ತೆರೆದು ಎಣಿಸಿ, ಅದನ್ನೂ ಸೇರಿಸಿ ಪತ್ರ ಬರೆದೆ. ಅವನನ್ನು ಕರೆದು ಕೂಡಿಸಿ ಪೂರ್ತಿ ಓದಿ ಹೇಳಿದೆ. ತಡದ ಮಾತು ಬಂದಾಗ ತಲೆ ತಗ್ಗಿಸಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ನೀವು ಬರೆದದ್ದು ಖರೆ ಅದ. ಆದರೆ ಅವ್ವನ್ನ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರಕೊಂಡು ಹೋಗಬೇಕಿತ್ತರಿ” ಎಂದ. ಇಡೀ ವರ್ಷ ನನ್ನ ಕೋಣೆಯ ಮುಂದೆಯೇ ಓಡಾಡಿದವನು. ನಾನು ಒಮ್ಮೆಯೂ ಕೇಳಿರಲಿಲ್ಲ. ಹಾಜರಿ ಪುಸ್ತಕದ ತಾರೀಖುಗಳನ್ನು ಮತ್ತೊಮ್ಮೆ ನೋಡಿದೆ. ಎಲ್ಲವೂ ಮಂಗಳವಾರ ಮತ್ತು ಶುಕ್ರವಾರ. ತಡದ ಸಾಲನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಕಾರಣವನ್ನೂ, ಆ ದಿನಗಳಲ್ಲಿ ಅವನು ಸಂಜೆ ಉಳಿದು ಕೆಲಸ ಮುಗಿಸುತ್ತಿದ್ದನೆಂಬುದನ್ನೂ ಬರೆದು, ಹೊಸದಾಗಿ ಸಹಿ ಮಾಡಿ ಅವನ ಕೈಗಿತ್ತೆ. ಲಕೋಟೆಯನ್ನು ಅಂಟಿಸಿರಲಿಲ್ಲ.